ತೊಂಬತ್ತೊಂದು ಡಿಗ್ರಿಯ ಮೂಲೆ

ಸೋಮವಾರ ಸಂಜೆ ಮನೆ ಕಂದಾಯದ ರಸೀದಿ ಹುಡುಕುತ್ತಿದ್ದ ಯಶಸ್ವಿನಿಯ ಕೈಗೆ ರಸೀದಿಯ ಬದಲು ಮನೆಯ ಕರಾರು ಪತ್ರ ಸಿಕ್ಕಿತು. ಕೈಗೆ ಸಿಕ್ಕ ಕಾಗದವನ್ನು ಓದದೆ ಮಡಚಿಡುವ ಹೆಂಗಸಲ್ಲ ಅವಳು. ಹೊಳೆನರಸೀಪುರದ ಅಂಚೆ ಕಚೇರಿಯ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತು, ಯಾರ ಆರ್.ಡಿ. ಯಾವತ್ತು ಮುಗಿಯುತ್ತದೆಂದು ಆ ಖಾತೆಯವರಿಗಿಂತ ಮೊದಲೇ ಹೇಳುವವಳು. ಬೀರುವಿನ ಮುಂದೆ ಕಾಲು ಚಾಚಿ ಕೂತು ಮೂರನೇ ಪುಟದವರೆಗೂ ಓದಿದಳು. ಅಲ್ಲಿ ಏಳನೇ ಕಲಮು ಹೀಗಿತ್ತು: ‘ಗೃಹಪ್ರವೇಶವಾದ ದಿನದಿಂದ ಒಂದು ವರ್ಷದೊಳಗೆ ಕಟ್ಟಡದಲ್ಲಿ ಕಂಡುಬರುವ ಲೋಪದೋಷಗಳನ್ನು, ಖರೀದಿದಾರರು ಬರಹದಲ್ಲಿ ತಿಳಿಸಿದಲ್ಲಿ, ಬಿಲ್ಡರು ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡತಕ್ಕದ್ದು. ಅವಧಿ ಮೀರಿದ ನಂತರ ಯಾವ ಹೊಣೆಯೂ ಇರುವುದಿಲ್ಲ.’

ಅವಳು ಬೆರಳು ಮಡಿಸಿ ಎಣಿಸಿದಳು.

“ರೀ, ಇನ್ನು ಒಂಬತ್ತೇ ದಿನ ಇರೋದು.”

ಗಂಡ ಪ್ರಸನ್ನಕುಮಾರ್ ಹಾಲಿನಲ್ಲಿ ಹತ್ತನೇ ತರಗತಿಯ ಗಣಿತದ ಪೇಪರು ತಿದ್ದುತ್ತಿದ್ದರು. “ಯಾವುದಕ್ಕೆ?”

“ಬಚ್ಚಲಿನ ನೀರು ಬಾಗಿಲಿಗೆ ಬರೋದನ್ನ ಮನೋಹರ ಪುಕ್ಕಟೆ ಸರಿ ಮಾಡ್ಕೊಡೋಕೆ. ಬರೋ ವಾರದ ಬುಧವಾರ ಕಳೆದ್ರೆ ಆಮೇಲೆ ನೀರೂ ನಮ್ದೇ, ಬಾಗ್ಲೂ ನಮ್ದೇ.”

ಮೇಷ್ಟ್ರ ಕೆಂಪು ಪೆನ್ನು ನಿಂತಿತು. “ಹೇಳೋಣ ಬಿಡು,” ಎಂದರು. ಆ ಮಾತನ್ನು ಅವರು ಹನ್ನೊಂದು ತಿಂಗಳಿಂದ ಹೇಳುತ್ತಿದ್ದರು.

ಅಷ್ಟು ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಯ ಸ್ವಭಾವಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಸ್ನಾನ ಮುಗಿದ ಮೇಲೆ ವೈಪರ್ ಹಿಡಿದು ನೀರನ್ನು ಜಾಲರಿಯ ಕಡೆಗೆ ಅಟ್ಟಿ ಬರುವುದು ಸ್ನಾನದ ಭಾಗವೇ ಆಗಿತ್ತು. ಮಲಗುವ ಕೋಣೆಯ ಬಾಗಿಲನ್ನು ಎರಡು ಕೈಯಲ್ಲಿ ಎತ್ತಿ ಮೊಣಕಾಲಿನಿಂದ ಗುದ್ದಿದರೆ ಮುಚ್ಚುತ್ತಿತ್ತು. ಅಡುಗೆಮನೆಯ ಫ್ಯಾನಿನ ಸ್ವಿಚ್ಚು ಒತ್ತಿದರೆ ಗೇಟಿನ ದೀಪ ಹತ್ತುತ್ತಿತ್ತು. ಮಳೆಗಾಲದಲ್ಲಿ ಅಡುಗೆಮನೆ ಗೋಡೆಯ ಮೇಲೆ ತೇವದ ಗುರುತು ಮೂಡಿದಾಗ ಮೇಷ್ಟ್ರು ನೋಡಿ, “ಶ್ರೀಲಂಕಾ ಇದ್ದ ಹಾಗಿದೆ ಅಲ್ವಾ?” ಎಂದು ನಕ್ಕಿದ್ದರು. ಗೌರಿ ಹಬ್ಬದ ಹೊತ್ತಿಗೆ ಅದು ಆಸ್ಟ್ರೇಲಿಯಾ ಆಗಿತ್ತು.

ಹೇಳುವುದಕ್ಕೆ ಅಡ್ಡಿಯಾಗಿದ್ದದ್ದು ಬೇರೇನಲ್ಲ, ಬಿಲ್ಡರ್ ಮನೋಹರ ಮೇಷ್ಟ್ರ ಶಿಷ್ಯ. ಹಾಸನ ರಸ್ತೆಯ ಆಚೆ, ಮೊದಲು ಭತ್ತದ ಗದ್ದೆಯಾಗಿದ್ದ ಜಾಗದಲ್ಲಿ ಅವನು ಎಂಟು ಮನೆ ಕಟ್ಟಿದ್ದ. ಐದು ಮಾರಾಟವಾಗಿದ್ದವು; ಮೊದಲನೆಯದೇ ಮೇಷ್ಟ್ರದು. “ನನ್ನ ಕೈಯಲ್ಲಿ ಓದಿದ ಹುಡುಗ ಕಟ್ಟಿದ ಮನೆಯಲ್ಲಿ ನಾನಿರ್ತೀನಿ” ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಹೆಮ್ಮೆಪಟ್ಟವರು ಈಗ ಅದೇ ಹುಡುಗನ ಮುಂದೆ ಬಚ್ಚಲಿನ ಮಾತೆತ್ತುವುದು ಹೇಗೆ?

ಮೂರು ಸಲ ಫೋನು ಮಾಡಿ ಕರೆಸಿದ್ದೂ ಉಂಟು. ಮೊದಲನೇ ಸಲ ಮನೋಹರ ಒಂದು ಗೊನೆ ಎಳನೀರು ತಂದಿಳಿಸಿ, ಕಾಲಿಗೆ ನಮಸ್ಕಾರ ಮಾಡಿ, “ಎಲ್ಲ ನಿಮ್ಮ ಆಶೀರ್ವಾದ ಸಾ” ಎಂದು ಹೋದ. ಎರಡನೇ ಸಲ ಬರುವಾಗ ಮನೆ ಕೊಳ್ಳಲು ಬಂದ ದಂಪತಿಯನ್ನೂ ಕರೆತಂದ. ಮೇಷ್ಟ್ರು ಅವರಿಗೆ ಅರ್ಧ ಗಂಟೆ ಮನೆ ತೋರಿಸಿ, ಗಾಳಿ ಬೆಳಕನ್ನೆಲ್ಲ ಹೊಗಳಿ, ಹಾಲಿನ ಅಂಚಿನಲ್ಲಿ ಸಣ್ಣಗಾಗುತ್ತ ಹೋದ ಟೈಲ್ಸಿನ ಸಾಲನ್ನು ತೋರಿಸಿ “ನೋಡಿ, ಎಷ್ಟು ಚೆಂದದ ಡಿಸೈನು” ಎಂದೂ ಹೇಳಿದರು. ಆ ದಂಪತಿ ಪಕ್ಕದ ಬೀದಿಯ ಮನೆ ಕೊಂಡರು. ಮೂರನೇ ಸಲ ಮೇಷ್ಟ್ರು ಮನೋಹರನ ಹೊಸ ಆಫೀಸಿನ ಉದ್ಘಾಟನೆಗೆ ಮುಖ್ಯ ಅತಿಥಿಯಾಗಿ ಬರಲು ಒಪ್ಪಿ, ಶಾಲು ಹೊದಿಸಿಕೊಂಡು ಬಂದರು.

“ಮುಂದಿನ ಸಲ ಕರೆಸಿದ್ರೆ ನಿಮ್ಮನ್ನ ಪಾರ್ಟ್‌ನರ್ ಮಾಡ್ಕೋತಾನೆ,” ಎಂದು ಯಶಸ್ವಿನಿ ಕರಾರು ಪತ್ರವನ್ನು ತನ್ನ ಆಫೀಸಿನ ಬ್ಯಾಗಿಗೆ ಹಾಕಿಕೊಂಡಳು. “ನೀವು ಹೇಳೋದು ಬೇಡ. ನಮ್ಮಪ್ಪನ್ನ ಕರೆಸ್ತೀನಿ.”

ಮೇಷ್ಟ್ರ ಮುಖ ಬಿಳುಚಿಕೊಂಡಿತು. “ಅಯ್ಯೋ, ಮಾವನಿಗ್ಯಾಕೆ ತೊಂದ್ರೆ?”

“ತೊಂದ್ರೆ ಅವ್ರಿಗಲ್ಲ.”

ಯಶಸ್ವಿನಿಯ ತಂದೆ ಬೀರಲಿಂಗಯ್ಯ ಚನ್ನರಾಯಪಟ್ಟಣದ ಹತ್ತಿರದ ಊರಿನವರು. ಮೂವತ್ತೊಂದು ವರ್ಷ ನಾಲೆಯ ಕಾಮಗಾರಿಗಳಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಓದಿದ್ದು ಏಳನೇ ಕ್ಲಾಸು. ಅವರು ಕಾಲಿಟ್ಟ ಕಡೆ ಕಂಟ್ರಾಕ್ಟರುಗಳು ಬೀಡಿ ಆರಿಸುತ್ತಿದ್ದರಂತೆ. ಈಗಲೂ ಮದುವೆ ಮನೆಗೆ ಹೋದರೆ ಊಟಕ್ಕೆ ಮೊದಲು ಛತ್ರದ ಕಂಬಗಳನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಗೃಹಪ್ರವೇಶಕ್ಕೆ ಬಂದಿದ್ದ ದಿನ ಜ್ವರವಿತ್ತು, ಒಂದು ಮೂಲೆಯಲ್ಲಿ ಮಲಗಿ ಹೋಗಿದ್ದರು. ಅದು ತಮ್ಮ ಪುಣ್ಯ ಎಂದು ಮೇಷ್ಟ್ರು ಈವರೆಗೆ ನಂಬಿದ್ದರು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಬೀರಲಿಂಗಯ್ಯ ಗೇಟು ತೆಗೆದರು. ಎಪ್ಪತ್ತೆರಡು ವರ್ಷ, ಬಿಳಿ ಅಂಗಿ, ಮಡಿಸಿ ಕಟ್ಟಿದ ಪಂಚೆ. ಹೆಗಲಿನ ಚೀಲದಲ್ಲಿ ಮಗಳಿಗೆ ಹುರಿಗಡಲೆ ಉಂಡೆ, ಅದರ ಕೆಳಗೆ ದಾರಕ್ಕೆ ಕಟ್ಟಿದ ತೂಕದ ಗುಂಡು, ಮಟ್ಟ ನೋಡುವ ಪಾರದರ್ಶಕ ಪೈಪು, ಅಡಿಗೊಂದು ಗಂಟು ಹಾಕಿದ ಹಗ್ಗ, ಒಂದು ಬಿದಿರು ಕೋಲು, ಎರಡು ಗಾಜಿನ ಗೋಲಿ.

“ಏನ್ ಅಳಿಯಂದ್ರೆ, ಚೆಂದಾಗಿದ್ದೀರಾ? ಸೀಮೆಸುಣ್ಣ ಐತಾ ಮನ್ಲಿ?”

“ಇದೆ ಮಾವ. ಮೊದ್ಲು ಕಾಫಿ ಕುಡೀರಿ.”

“ಕಾಫಿ ಕುಡುದ್ರೆ ಕಣ್ಣು ತಂಪಾಗ್ಬುಡ್ತದೆ. ಮೊದ್ಲು ಕೆಲ್ಸ. ಕೆಂಪುದೇ ಕೊಡಿ, ಬಿಳೀದು ಗ್ವಾಡೆ ಮ್ಯಾಲೆ ಕಾಣಕಿಲ್ಲ.”

ಶಾಲೆಯಿಂದ ತಂದಿದ್ದ ಕೆಂಪು ಸೀಮೆಸುಣ್ಣದ ಡಬ್ಬಿಯನ್ನು ಮೇಷ್ಟ್ರೇ ತಮ್ಮ ಕೈಯಾರೆ ಕೊಟ್ಟರು. ಯಶಸ್ವಿನಿ ನೋಟ್‌ಬುಕ್ ಹಿಡಿದು ಸಿದ್ಧಳಾದಳು.

ಬೀರಲಿಂಗಯ್ಯ ಬಚ್ಚಲಿನಿಂದ ಶುರು ಮಾಡಿದರು. ಜಾಲರಿಯ ಹತ್ತಿರ ಗೋಲಿ ಇಟ್ಟು ಬಿಟ್ಟರು. ಅದು ಒಂದು ಕ್ಷಣ ಯೋಚನೆ ಮಾಡಿ, ಮೆಲ್ಲಗೆ ಉರುಳುತ್ತ ಬಾಗಿಲು ದಾಟಿ, ಮಲಗುವ ಕೋಣೆಯ ಮಂಚದ ಕೆಳಗೆ ಹೋಗಿ ನಿಂತಿತು.

“ನೀರಿನ ವಾಟ ತಿರುಗಾ ಮುರುಗಾ ಕೊಟ್ಟವ್ರೆ,” ಎಂದರು ಮಾವ. “ನಮ್ ನಾಲೇಲಿ ಇಂಗೆ ಮಾಡಿದ್ರೆ ನೀರು ವಾಪಸ್ ಕಟ್ಟೆಗೇ ಓಗೋದು. ಬರ್ಕಳವ್ವ, ಒಂದು.”

ಆಮೇಲೆ ಬಿದಿರು ಕೋಲಿನಿಂದ ಹಾಲಿನ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತ ಹೊರಟರು. ಟಣ್, ಟಣ್, ಟಣ್, ಡೊಬ್. ‘ಡೊಬ್’ ಎಂದ ಕಡೆ ಕೆಂಪು ಸುತ್ತು. ಮೇಷ್ಟ್ರು ಹಿಂದೆ ಹಿಂದೆ ನಡೆಯುತ್ತಿದ್ದರು. ಹದಿನೈದು ಡೊಬ್ ಆಗುವಷ್ಟರಲ್ಲಿ ಅವರ ಮುಖ ಪರೀಕ್ಷಾ ಹಾಲಿನಲ್ಲಿ ಚೀಟಿ ಸಿಕ್ಕಿಬಿದ್ದ ಹುಡುಗನ ಮುಖವಾಗಿತ್ತು.

ತೂಕದ ಗುಂಡು ಇಳಿಬಿಟ್ಟಾಗ ಮಲಗುವ ಕೋಣೆಯ ಬಾಗಿಲ ಚೌಕಟ್ಟು ಕುಡಿದವನ ಹಾಗೆ ವಾಲಿಕೊಂಡಿರುವುದು ಕಂಡಿತು. ತಾರಸಿಗೆ ಹೋಗಿ, ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ನಲ್ಲಿ ಬಿಡಿಸಿದರು. ಕಾಲು ಮುಳುಗುವಷ್ಟು ನೀರು ನಿಲ್ಲಿಸಿ ಒಂದು ಗಂಟೆ ಬಿಟ್ಟು ನೋಡಿದರೆ, ಅಡುಗೆಮನೆಯ ಗೋಡೆಯಲ್ಲಿ ಬಿಸಿಲುಗಾಲದಲ್ಲೂ ಆಸ್ಟ್ರೇಲಿಯಾ ಮತ್ತೆ ಹುಟ್ಟಿತ್ತು.

“ಅಪ್ಪ, ಇಲ್ಲೂ ನೋಡಿ,” ಎಂದು ಯಶಸ್ವಿನಿ ಹಾಲಿನ ಪೂರ್ವದ ಗೋಡೆ ತೋರಿಸಿದಳು. ಅಲ್ಲಿ ಮೇಷ್ಟ್ರಿಗೆ ತಾಲ್ಲೂಕಿನ ಉತ್ತಮ ಶಿಕ್ಷಕ ಪ್ರಶಸ್ತಿ ಬಂದಾಗ ತೆಗೆದ ಫೋಟೋ ತೂಗುಹಾಕಿತ್ತು. ಅದರ ಕೆಳಗೆ ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿತ್ತು. “ಇದಕ್ಕಂತೂ ನಾನು ಆ ಮನೋಹರನ್ನ ದಿನಾ ಬಯ್ಕೋತೀನಿ.”

“ಅದು ದೊಡ್ಡದೇನಲ್ಲ ಮಾವ, ಬಿಡಿ,” ಎಂದು ಮೇಷ್ಟ್ರು ಫೋಟೋದ ಮುಂದೆ ಬಂದು ನಿಂತರು.

ಬೀರಲಿಂಗಯ್ಯ ಅಳಿಯನ ಮುಖ ನೋಡಿದರು. ಕಂಟ್ರಾಕ್ಟರು ತನ್ನ ಬೆನ್ನ ಹಿಂದೆ ಏನೋ ಮುಚ್ಚಿಡುವಾಗ ಹೀಗೆಯೇ ನಿಲ್ಲುತ್ತಾನೆ ಎಂಬುದು ಅವರ ಮೂವತ್ತೊಂದು ವರ್ಷದ ಅನುಭವ. “ವಸಿ ಪಕ್ಕಕ್ ಬನ್ನಿ,” ಎಂದು ಫೋಟೋ ಇಳಿಸಿದರು. ಹಿಂದೆ ಮೂರು ತೂತು. ಎರಡರಲ್ಲಿ ಮೊಳೆಯಿತ್ತು. ನಡುವಿನದಕ್ಕೆ ಯಾರೋ ಬೂದು ಬಣ್ಣದ ಅಂಟನ್ನು ಬೆರಳಿನಲ್ಲಿ ಒತ್ತಿ ತುಂಬಿದ್ದರು. ಬೆರಳಿನ ಗುರುತೂ ಇತ್ತು.

“ಇದು ಬಿಲ್ಡರ್ ಬೆರಳಲ್ಲ.”

ಮೇಷ್ಟ್ರು ಕೊನೆಗೆ ಒಪ್ಪಿಕೊಂಡರು. ಫೋಟೋ ಹಾಕಲು ತಾವೇ ಡ್ರಿಲ್ ತಂದು ಕೊರೆದದ್ದು, ಒಳಗಿನ ನೀರಿನ ಪೈಪಿಗೆ ತಾಗಿ ಮುಖಕ್ಕೆ ಚಿಮ್ಮಿದ್ದು, ಹೆಂಡತಿ ಆಫೀಸಿನಿಂದ ಬರುವಷ್ಟರಲ್ಲಿ ಅಂಟು ತುಂಬಿ ನೆಲ ಒರೆಸಿ ಬಟ್ಟೆ ಬದಲಾಯಿಸಿದ್ದು ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೋದ ಹಾಗೆ ಧ್ವನಿ ಸಣ್ಣದಾಯಿತು.

ಯಶಸ್ವಿನಿ ಸೊಂಟದ ಮೇಲೆ ಕೈಯಿಟ್ಟಳು. “ಅದಕ್ಕೇ ಅವತ್ತು ಮೂರು ಗಂಟೆಗೇ ಸ್ನಾನ ಮಾಡಿದ್ದೆ ಅಂದ್ರಾ? ಸೆಕೆ ಅಂದ್ರಿ! ಪಾಪ, ಆ ಹುಡುಗನಿಗೆ ಎಂಟು ತಿಂಗಳಿಂದ ಶಾಪ ಹಾಕಿದೀನಿ.”

“ಇದ್ನ ಪಟ್ಟೀಲಿ ಒಡ್ದಾಕವ್ವ,” ಎಂದರು ಬೀರಲಿಂಗಯ್ಯ. “ಅವ್ನದು ಅವ್ನಿಗೆ, ನಮ್ದು ನಮ್ಗೆ. ಒಂದು ಸುಳ್ಳು ಸೇರ್ಸುದ್ರೆ ಮಿಕ್ಕಿದ್ ಇಪ್ಪತ್ನಾಲ್ಕೂ ಸುಳ್ಳಾಗೋಯ್ತವೆ.”

ಕೊನೆಗೆ ಉಳಿದದ್ದು ಹಾಲಿನ ಮೂಲೆ. ಮಾವ ಹಗ್ಗ ಬಿಚ್ಚಿದರು. ಒಂದು ಗೋಡೆಯಗುಂಟ ಮೂರಡಿಗೆ ಗುರುತು ಹಾಕಿದರು, ಇನ್ನೊಂದರಗುಂಟ ನಾಲ್ಕಡಿಗೆ. “ಈ ಗುರ್ತಿಂದ ಆ ಗುರ್ತಿಗೆ ಐದಡಿ ಬಂದ್ರೆ ಮೂಲೆ ಸಾಚಾ. ಯಾಕಂತ ಗೊತ್ತಾ ಅಳಿಯಂದ್ರೆ?”

ಮೇಷ್ಟ್ರಿಗೆ ಬೆಳಿಗ್ಗೆಯಿಂದ ಮೊದಲ ಸಲ ಗೊತ್ತಿರುವ ಪ್ರಶ್ನೆ ಬಂದಿತ್ತು. “ಪೈಥಾಗೊರಸನ ಪ್ರಮೇಯ ಮಾವ!”

“ಅದ್ಯಾವೂರೋನೋ ಕಾಣೆ. ನಮ್ಗೆ ಯೋಳ್ಕೊಟ್ಟೋನು ಗಾರೆ ಮೇಸ್ತ್ರಿ ಬೈರಯ್ಯ.”

ಹಗ್ಗದ ಐದಡಿಯ ಗಂಟು ಗುರುತಿಗೆ ಸಾಲಲಿಲ್ಲ. ಅರ್ಧ ಇಂಚು ಹಿಂದೆಯೇ ನಿಂತಿತು. ಮೇಷ್ಟ್ರು ಮಂಡಿಯೂರಿ ಎರಡನೇ ಸಲ ತಾವೇ ಅಳೆದರು, ಮೂರನೇ ಸಲವೂ ಅಳೆದರು. ಆಮೇಲೆ ಟೆಸ್ಟ್ ಪೇಪರೊಂದರ ಹಿಂಬದಿಯಲ್ಲಿ ಲೆಕ್ಕ ಮಾಡಿದರು. “ತೊಂಬತ್ತೊಂದು ಡಿಗ್ರಿ,” ಎಂದರು ಮೆಲ್ಲಗೆ. “ಹದಿನಾಲ್ಕು ಅಡಿ ಗೋಡೆಗೆ ಒಂದು ಡಿಗ್ರಿ ಅಂದ್ರೆ ಆ ಕೊನೇಲಿ ಮೂರಿಂಚು.” ತಲೆಯೆತ್ತಿ ಆ ಕೊನೆಯನ್ನು ನೋಡಿದರು. ಅಂಚಿನ ಟೈಲ್ಸಿನ ಸಾಲು ಸಣ್ಣದಾಗುತ್ತ ಸಣ್ಣದಾಗುತ್ತ ಹೋಗಿ, ಅಲ್ಲಿ ಸರಿಯಾಗಿ ಮೂರಿಂಚು ಕಡಿಮೆಯಾಗಿತ್ತು. ಇಷ್ಟು ದಿನ ಡಿಸೈನೆಂದು ಬಂದವರಿಗೆಲ್ಲ ತೋರಿಸಿದ ಸಾಲು ಅದು.

“ಇಪ್ಪತ್ತಾರು ವರ್ಷದಿಂದ ಲಂಬಕೋನ ಹೇಳ್ಕೊಡ್ತಿದೀನಿ,” ಎಂದು ನೆಲದ ಮೇಲೇ ಕೂತುಬಿಟ್ಟರು. “ಇವನಿಗೂ ನಾನೇ ಹೇಳ್ಕೊಟ್ಟಿದ್ದು. ಒಂಬತ್ತನೇ ಕ್ಲಾಸಲ್ಲಿ ಜ್ಯಾಮಿತಿ ಬರ್ತಾನೇ ಇರ್ಲಿಲ್ಲ. ಪಾಪ ಅಂತ ಎಂಟು ಮಾರ್ಕ್ಸು ಸೇರ್ಸಿ ಪಾಸ್ ಮಾಡಿದ್ದೆ.”

ಯಶಸ್ವಿನಿಗೆ ನಗು ತಡೆಯಲಾಗಲಿಲ್ಲ. “ಅವತ್ತೇ ಫೇಲ್ ಮಾಡಿದ್ರೆ ಇವತ್ತು ನಮ್ ಬಚ್ಚಲು ನೆಟ್ಗಿರ್ತಿತ್ತಲ್ರೀ!”

ಹೊರಗೆ ಕಾರು ನಿಂತ ಸದ್ದಾಯಿತು. ಮನೋಹರನ ದನಿ ಗೇಟಿನಿಂದಲೇ ಕೇಳಿಸಿತು: “ಮೇಷ್ಟ್ರೇ, ಮನೇಲಿದ್ದೀರಾ ಸಾ? ಗೆಸ್ಟು ಕರ್ಕಂಡ್ ಬಂದಿವ್ನಿ!”

ಭಾನುವಾರ ಗಿರಾಕಿಗಳನ್ನು ಹೇಳದೆ ಕೇಳದೆ ಕರೆತರುವುದು ಅವನ ರೂಢಿ. ಮೇಷ್ಟ್ರ ಮನೆ ತೋರಿಸಿ, ಮೇಷ್ಟ್ರ ಬಾಯಲ್ಲಿ ನಾಲ್ಕು ಮಾತು ಆಡಿಸಿ, ಆಮೇಲೆ ಖಾಲಿ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಇವತ್ತು ಅವನ ಜೊತೆ ಇದ್ದವರು ಅರಕಲಗೂಡು ಕಡೆಯ ಗುರುಸಿದ್ದಮ್ಮ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಶುಂಠಿ ಬೆಳೆದು, ತಾನೇ ಲಾರಿಗೆ ತುಂಬಿಸಿ, ದಲ್ಲಾಳಿಗಳ ಹತ್ತಿರ ತಾನೇ ಜಗಳ ಕಾದವರು. ಮೊಮ್ಮಕ್ಕಳ ಸ್ಕೂಲಿಗೆಂದು ಇಲ್ಲೊಂದು ಮನೆ ನೋಡುತ್ತಿದ್ದರು.

ಹೊಸಿಲು ದಾಟಿದ ಮನೋಹರ ಅಲ್ಲೇ ನಿಂತ. ಗೋಡೆ, ನೆಲ, ಬಾಗಿಲು, ಎಲ್ಲೆಲ್ಲೂ ಕೆಂಪು ಸುತ್ತುಗಳು, ಅದರ ಪಕ್ಕ ನಂಬರುಗಳು. ತಾರಸಿಯ ಮೆಟ್ಟಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯದಲ್ಲಿ ಹಗ್ಗ ಹಿಡಿದು ನೆಲದ ಮೇಲೆ ಕೂತ ಮೇಷ್ಟ್ರು.

“ಏನ್ ಸಾ ಇದು, ಓಕುಳಿ ಆಡ್ತಿದ್ದೀರಾ?” ಎಂದು ನಗಲು ನೋಡಿದ.

ಮೇಷ್ಟ್ರು ಎದ್ದು ಪಂಚೆ ಕೊಡವಿಕೊಂಡರು. ರೂಢಿಯ ಬಲದಿಂದ “ಬನ್ನಿ ಬನ್ನಿ, ಮನೆ ಬಹಳ...” ಎನ್ನುವಷ್ಟರಲ್ಲಿ ಗುರುಸಿದ್ದಮ್ಮ ನೇರವಾಗಿ ಕೇಳಿಬಿಟ್ಟರು.

“ಮೇಷ್ಟ್ರೇ, ದಾರಿ ಉದ್ದುಕ್ಕೂ ಇವ್ರು ನಿಮ್ ಎಸ್ರೇ ಯೋಳ್ಕಂಡ್ ಬಂದ್ರು. ನೀವು ಒಂದೊರ್ಸದಿಂದ ಇದ್ರಲ್ಲಿ ಇದ್ದೀರಂತೆ. ನಿಮ್ಮ ಮಾತು ನಂಬ್ತೀನಿ. ಮನೆ ಎಂಗದೆ?”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳು ಮೇಲಿನ ಫ್ಯಾನ್ ನೋಡುತ್ತಿದ್ದಳು. ಮಾವನ ಕಡೆ ನೋಡಿದರು. ಅವರು ಹುರಿಗಡಲೆ ಉಂಡೆ ಬಾಯಿಗೆ ಹಾಕಿಕೊಂಡು ಗೋಲಿ ಒರೆಸುತ್ತಿದ್ದರು. ಮನೋಹರ ಮಾತ್ರ ನೇರವಾಗಿ ಅವರನ್ನೇ ನೋಡುತ್ತಿದ್ದ, ಹದಿನಾಲ್ಕು ವರ್ಷದ ಹುಡುಗ ಮಾರ್ಕ್ಸ್ ಕಾರ್ಡಿಗೆ ಕಾಯುವಾಗ ನೋಡುವ ಹಾಗೆ. ಆ ಕಣ್ಣು ನೋಡಿದ್ದರಿಂದಲೇ ಅವತ್ತು ಎಂಟು ಮಾರ್ಕ್ಸ್ ಸೇರಿಸಿದ್ದು.

ಮೇಷ್ಟ್ರು ಯಶಸ್ವಿನಿಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ಕ್ಲಾಸಿನಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ ಓದತೊಡಗಿದರು. “ಒಂದು, ಬಚ್ಚಲಿನ ವಾಟ ಬಾಗಿಲ ಕಡೆಗಿದೆ. ಎರಡು, ಹಾಲಿನಲ್ಲಿ ಹದಿನೇಳು ಟೈಲ್ಸಿನ ಅಡಿ ಟೊಳ್ಳು...” ಎಲ್ಲೂ ನಿಲ್ಲಿಸಲಿಲ್ಲ, ಯಾವುದನ್ನೂ ಮೆದು ಮಾಡಲಿಲ್ಲ. “ಇಪ್ಪತ್ತೈದು, ಹಾಲಿನ ಮೂಲೆ ಲಂಬಕೋನವಾಗಿಲ್ಲ.” ನೋಟ್‌ಬುಕ್ ಮುಚ್ಚುವ ಮೊದಲು ಹೊಡೆದುಹಾಕಿದ್ದ ಸಾಲನ್ನೂ ಓದಿದರು. “ಆ ಫೋಟೋ ಹಿಂದಿನ ತೇವ ನನ್ನದು. ನಾನೇ ಪೈಪು ಒಡೆದದ್ದು.”

ಮನೋಹರನ ಮುಖ ಕೆಂಪಾಗಿತ್ತು.

“ಗಿರಾಕಿ ಮುಂದೆ ಇಂಗಂದ್ಬುಟ್ರಲ್ಲ ಸಾ. ಇಷ್ಟು ದಿನ ಬಂದೋರ್ಗೆಲ್ಲ ಚೆನ್ನಾಗೈತೆ ಅಂದೋರು ನೀವೇ ಅಲ್ವಾ?” ಎಂದ. ದನಿಯಲ್ಲಿ ಕೋಪಕ್ಕಿಂತ ಬೇರೇನೋ ಇತ್ತು. “ನಂಗೆ ಗಾರೆ ಕೆಲ್ಸ ಬರಕಿಲ್ಲ ಸಾ. ಸೈಟು ತಗಂತೀನಿ, ಜನ ಇಡ್ತೀನಿ. ಮೇಸ್ತ್ರಿ ಎಲ್ಲ ಸರಿಯಾಗೈತೆ ಅಂತಾನೆ. ನೀವು ಚೆನ್ನಾಗೈತೆ ಅಂತೀರ. ಲೆಕ್ಕದ ಮೇಷ್ಟ್ರೇ ಸರಿ ಅಂದ್ಮೇಲೆ ನಾನ್ ಇನ್ಯಾರ್ನ ಕೇಳ್ಲಿ?”

ಮೇಷ್ಟ್ರು ಇದನ್ನು ನಿರೀಕ್ಷಿಸಿರಲಿಲ್ಲ. ತಾವು ಸುಮ್ಮನಿದ್ದದ್ದು ಇವನ ಮನಸ್ಸು ನೋಯಬಾರದೆಂದು. ಆ ದಾಕ್ಷಿಣ್ಯದ ಮೇಲೆ ಇವನು ಇನ್ನೂ ಏಳು ಮನೆ ಕಟ್ಟಿದ್ದ.

“ತಪ್ಪು ನಂದೇ ಮನೋಹರ,” ಎಂದರು. “ಹೋದ ವರ್ಷವೇ ಹೇಳ್ಬೇಕಿತ್ತು. ಈ ಕಡೆ ಬಾ. ಹಗ್ಗದ ತುದಿ ಹಿಡ್ಕೋ.”

ಮನೋಹರ ಇಸ್ತ್ರಿ ಮಾಡಿದ ಪ್ಯಾಂಟು ನೋಡಿಕೊಂಡ. ಆಮೇಲೆ ಮಂಡಿಯೂರಿ ಕೂತ. ಮೂರಡಿ, ನಾಲ್ಕಡಿ, ಐದಡಿ ಎಂದು ಮೇಷ್ಟ್ರು ಮತ್ತೊಮ್ಮೆ ಹೇಳಿಕೊಟ್ಟರು. ಅರ್ಧ ಇಂಚಿನ ಹತ್ತಿರ ಅವನ ಬೆರಳು ನಿಂತಾಗ “ಓ...” ಎಂದ. ಅವನ ತಲೆಗೆ ಒಂಬತ್ತನೇ ಕ್ಲಾಸಿನಲ್ಲಿ ಹೋಗದ ಪಾಠ ಹದಿನೆಂಟು ವರ್ಷದ ಮೇಲೆ ಹೋಗಿತ್ತು.

“ಅಲ್ಲಾ ಕಣಪ್ಪ,” ಎಂದು ಬೀರಲಿಂಗಯ್ಯ ಬಾಯಿ ಬಿಟ್ಟರು, “ಪಾಯ ತೆಗ್ಯೋವಾಗ ಐದು ನಿಮಿಸದ ಕೆಲ್ಸ ಇದು. ಮಾಡಾದ್ ಮಾಡಿ ಈಗ ಅಲ್ಲಾಡ್ಸು ಅಂದ್ರೆ ಗ್ವಾಡೆ ಅಲ್ಲಾಡ್ತದಾ?”

ಗುರುಸಿದ್ದಮ್ಮ ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದರು. ಅವರು ಹೊರಟು ಹೋಗುತ್ತಾರೆಂದು ಮನೋಹರ ಆಗಲೇ ಆಸೆ ಕೈಬಿಟ್ಟಿದ್ದ. ಅವರು ಹೋಗಲಿಲ್ಲ. ಬೀರಲಿಂಗಯ್ಯನವರ ಚೀಲದತ್ತ ಬೆರಳು ತೋರಿಸಿದರು.

“ಯಜಮಾನ್ರೇ, ಆ ಗೋಲಿ, ಗುಂಡು ಎಲ್ಲಾನೂ ತಗಳಿ. ನಂಗೆ ತೋರ್ಸಾಕ್ ಇರೋ ಮನೆ ಇಲ್ಲೇ ಎಲ್ಲೋ ಅದಂತೆ. ಅಲ್ಲೂ ಒಂದ್ಸಲ ಉರುಳ್ಸಿ ನೋಡಾನ. ಶುಂಠಿ ತಗಳೋನು ಮುರ್ದು ನೋಡ್ದೆ ತಗಂತಾನಾ?”

ಬೀರಲಿಂಗಯ್ಯನವರ ಮುಖ ಅರಳಿತು. ನಿವೃತ್ತಿಯಾದ ಹದಿನಾಲ್ಕು ವರ್ಷದಲ್ಲಿ ಅವರನ್ನು ಯಾರೂ ಹೀಗೆ ಕೆಲಸಕ್ಕೆ ಕರೆದಿರಲಿಲ್ಲ. ಕಾಫಿಯನ್ನೂ ಮರೆತು ಹೊರಟರು. ಗುರುಸಿದ್ದಮ್ಮ ಮುಂದೆ, ಅವರ ಹಿಂದೆ ಮಾವ, ಮಾವನ ಹಿಂದೆ ಮಟ್ಟದ ಪೈಪು ಹೊತ್ತ ಮನೋಹರ. ಆ ಮನೆಯಲ್ಲಿ ಹನ್ನೊಂದು ದೋಷ ಸಿಕ್ಕಿದವು. ಗುರುಸಿದ್ದಮ್ಮ ಪಟ್ಟಿಯನ್ನು ಮಡಚಿ ರವಿಕೆಯೊಳಗೆ ಸೇರಿಸಿಕೊಂಡು, “ಇವೆಲ್ಲ ಸರಿ ಮಾಡ್ಸು. ಮೇಷ್ಟ್ರ ಮನೇದು ಮೊದ್ಲು ಮಾಡ್ಸು, ಅದ್ನ ನೋಡ್ಕಂಡೇ ನಂದು ಯೋಳೋದು,” ಎಂದು ಬಸ್ಸಿಗೆ ಹೋದರು.

ಯಶಸ್ವಿನಿ ಮನೋಹರನ ಕೈಯಲ್ಲಿ ಅಂದೇ ಪಟ್ಟಿ ಕೊಟ್ಟು ಸಹಿ ಹಾಕಿಸಿಕೊಂಡಳು. ಸೋಮವಾರ ಆಫೀಸಿನಿಂದ ಅದನ್ನೇ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದಳು.

“ಕೈಯಲ್ಲಿ ಕೊಟ್ಟಾಯ್ತಲ್ಲ, ಮತ್ಯಾಕೆ?” ಎಂದು ಮೇಷ್ಟ್ರು ಕೇಳಿದರು.

“ಕೈಯಲ್ಲಿ ಕೊಟ್ಟಿದ್ದು ನಿಮ್ಮ ಶಿಷ್ಯನಿಗೆ. ಕಳಿಸಿದ್ದು ಬಿಲ್ಡರಿಗೆ.”

ಬುಧವಾರ, ವಾಯಿದೆ ಮುಗಿಯುವ ದಿನವೇ, ಕೆಲಸದವರು ಬಂದರು. ಹನ್ನೆರಡು ದಿನ ಮನೆಯಲ್ಲಿ ಸುತ್ತಿಗೆಯ ಸದ್ದು, ಸಿಮೆಂಟಿನ ದೂಳು. ಬಚ್ಚಲು ಅಗೆದಿದ್ದರಿಂದ ಗಂಡ ಹೆಂಡತಿ ಬಕೆಟ್ಟು ಹಿಡಿದು ಪಕ್ಕದ ಮನೆಗೆ ಸ್ನಾನಕ್ಕೆ ಹೋದರು. ಎರಡು ದಿನಕ್ಕೆಂದು ಬಂದಿದ್ದ ಬೀರಲಿಂಗಯ್ಯ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲೇ ಉಳಿದರು. ಬೆಳಿಗ್ಗೆ ಕೆಲಸದವರನ್ನು ತಿದ್ದುತ್ತಿದ್ದರು, ಸಂಜೆ ಮೇಷ್ಟ್ರು ಸ್ಕೂಟರ್ ನಿಲ್ಲಿಸಿದ್ದು ವಾರೆಯಾಗಿದೆ ಎಂದು ಅವರನ್ನು ತಿದ್ದುತ್ತಿದ್ದರು. ಮನೋಹರ ದಿನಾ ಬರುತ್ತಿದ್ದ. ಎಳನೀರು ತರಲಿಲ್ಲ. ಬೀರಲಿಂಗಯ್ಯನವರ ಪಕ್ಕ ನಿಂತು ವಾಟ ಎಷ್ಟು, ಮಟ್ಟ ಹೇಗೆ ಎಂದು ಕೇಳಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ಇಪ್ಪತ್ನಾಲ್ಕು ಸರಿಯಾದವು. ಮೂಲೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಯಾರೇನೂ ಮಾಡುವಂತಿರಲಿಲ್ಲ. ಅದರ ಬದಲಿಗೆ ತಾರಸಿಯ ಸೋರಿಕೆಗೆ ಇನ್ನೊಂದು ವರ್ಷದ ಹೊಣೆಯನ್ನು ಮನೋಹರ ಬರೆದುಕೊಟ್ಟ. ಪ್ಲಂಬರನಿಗೆ ಫೋಟೋ ಹಿಂದಿನ ಪೈಪಿನ ಕೂಲಿಯನ್ನು ಮೇಷ್ಟ್ರೇ ಕೊಟ್ಟರು.

ಮೊದಲ ದಿನ ಹೊಸ ಬಚ್ಚಲಿನಲ್ಲಿ ಸ್ನಾನ ಮಾಡಿದ ಮೇಲೆ ಮೇಷ್ಟ್ರು ಬಹಳ ಹೊತ್ತು ಹೊರಗೆ ಬರಲಿಲ್ಲ. ಯಶಸ್ವಿನಿ ಬಾಗಿಲು ತಟ್ಟಿದಳು.

“ಏನ್ ಮಾಡ್ತಿದೀರಿ?”

“ನೀರು ಹೋಗೋದು ನೋಡ್ತಿದೀನಿ.”

ಆದರೂ ಅವರ ಮನಸ್ಸು ಪೂರ್ತಿ ಹಗುರವಾಗಲಿಲ್ಲ. ತಮ್ಮ ಮಾತು ಕೇಳಿ ಮನೆ ಕೊಂಡ ನಾಲ್ಕು ಸಂಸಾರ ಅದೇ ಬಡಾವಣೆಯಲ್ಲಿದ್ದವು. ಮುಂದಿನ ಭಾನುವಾರ ಹೆಂಡತಿಗೂ ಹೇಳದೆ ಹೊರಟು, ಪಕ್ಕದ ಬೀದಿಯಲ್ಲಿ, ಅವತ್ತು ಗಂಡನ ಜೊತೆ ಮನೆ ನೋಡಲು ಬಂದಿದ್ದ ಅಣ್ಣಮ್ಮನ ಮನೆಯ ಮುಂದೆ ಎರಡು ಸಲ ಹಾದು, ಮೂರನೇ ಸಲಕ್ಕೆ ಗೇಟು ತೆಗೆದರು. ಜಗಲಿಯಲ್ಲಿ ಕೂತು, ಹೇಗೋ ಮಾತು ಜೋಡಿಸಿದರು. “ಅಣ್ಣಮ್ಮೋರೆ, ಮನೆ ತೋರ್ಸುವಾಗ ನಾನು ಎಲ್ಲ ಚೆನ್ನಾಗಿದೆ ಅಂದಿದ್ದೆ. ಅದು ಪೂರ್ತಿ ನಿಜ ಅಲ್ಲ. ನನ್ನ ಮಾತು ನಂಬಿ ನೀವು ತಗೊಂಡ್ರಿ. ಮನಸ್ಸಿಗೆ ಬೇಜಾರಾಗಿದೆ.”

ಅಣ್ಣಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೈ ನಿಲ್ಲಿಸದೆ ನಕ್ಕರು. “ಅಯ್ಯೋ ಬುಡಿ ಮೇಷ್ಟ್ರೇ. ನಿಮ್ ಮಾತ್ ಕೇಳ್ಕಂಡು ಯಾರ್ ಮನೆ ತಗಂಡಾರು? ನಮ್ ಮಗ ಲೆಕ್ಕದಲ್ಲಿ ಹನ್ನೆರಡು ತಗಂಡಾಗ್ಲೂ ಪರವಾಗಿಲ್ಲ, ಒಳ್ಳೆ ಹುಡ್ಗ ಅಂದೋರು ನೀವು. ನಾವು ಬಾವಿ ನೀರು ಸಿಹಿಯಾಗದೆ ಅಂತ ತಗಂಡಿದ್ದು.”

ಮೇಷ್ಟ್ರಿಗೆ ಸಮಾಧಾನವಾಗಬೇಕೋ ಅವಮಾನವಾಗಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಆದವು. “ಅದಿರ್ಲಿ,” ಎಂದರು, “ನಿಮ್ಮ ಕರಾರು ಪತ್ರ ಎಲ್ಲಿದೆ? ಒಂದು ವರ್ಷ ಯಾವಾಗ ತುಂಬುತ್ತೆ?”

“ಒಂದೊರ್ಸ ಏನು?” ಅಣ್ಣಮ್ಮನ ಕೈ ಈಗ ನಿಂತಿತು.

ಟ್ರಂಕಿನ ತಳದಿಂದ ಕಾಗದ ಹುಡುಕಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಏಳನೇ ಕಲಮನ್ನು ಮೇಷ್ಟ್ರು ಗಟ್ಟಿಯಾಗಿ ಓದಿ, ದಿನ ಎಣಿಸಿದರು. ಇನ್ನೂ ನಲವತ್ತು ದಿನವಿತ್ತು. ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಅಣ್ಣಮ್ಮ ಕೊಟ್ಟ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಒಂದು’ ಎಂದು ಬರೆದು, “ನಿಮ್ಮ ಮನೇಲಿ ಬಾಗಿಲು ಹೇಗೆ ಮುಚ್ತೀರಿ, ತೋರ್ಸಿ,” ಎಂದರು.